ಕುಡ್ಲೆಯ ದಂಡೆಯಲ್ಲಿ ನಾಲ್ಕು ದಿನ

ಕೃಷ್ಣಾ ನದಿಯು ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ ಹುಟ್ಟುತ್ತದೆ. ಅಲ್ಲಿಂದ ಅರಬ್ಬೀ ಸಮುದ್ರಕ್ಕೆ ಕೇವಲ 64 ಕಿಲೋಮೀಟರು. ಆದರೂ ನದಿ ಆ ಕಡೆಗೆ ಮುಖ ಮಾಡದೆ ಪೂರ್ವಕ್ಕೆ ತಿರುಗಿ, ಸುಮಾರು 1400 ಕಿಲೋಮೀಟರು ಹರಿದು, ಆಂಧ್ರಪ್ರದೇಶದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಈ ಮಾತುಗಳನ್ನು ನಾನು ಸುಮಾರು ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತು ಹೇಳಿದ್ದೇನೆ. ನನ್ನ ಕೈಯಲ್ಲಿ ಸಮಾಜ ವಿಜ್ಞಾನ ಕಲಿತವರಿಗೆಲ್ಲ, ನೀಲಿ ಸೀಮೆಸುಣ್ಣದಲ್ಲಿ ಆ ನದಿಯನ್ನು ನಕಾಶೆಯ ಮೇಲೆ ಎಳೆಯುವಾಗ ಕೈ ನಡುಗಿದರೆ ನಾನು ಅಳಿಸಿ ಮತ್ತೆ ಎಳೆಸುತ್ತಿದ್ದುದು ನೆನಪಿದ್ದೀತು. ಆದರೆ ಆ 64 ಕಿಲೋಮೀಟರಿನ ಆಚೆಯ ಸಮುದ್ರವನ್ನು ನಿಮ್ಮ ಮೇಷ್ಟ್ರು ಕಣ್ಣಾರೆ ಕಂಡಿರಲಿಲ್ಲ. ಕಕ್ಕೇರಾದಂಥ ಊರಿನಲ್ಲಿ ಹುಟ್ಟಿ, ಸಂಬಳ ಬಂದ ದಿನವೇ ಕಿರಾಣಿ ಅಂಗಡಿಯ ಉದ್ರಿ ತೀರಿಸಿ ಬದುಕಿದವನಿಗೆ ಅದು ವಿಶೇಷವೇನೂ ಅಲ್ಲ. ಸುರಪುರದ ಗುಡ್ಡದ ಮೇಲೆ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲಿನ ಮುಂದೆ ನಿಂತು ನೋಡಿದ ಬಯಲೇ ನಾನು ಅಲ್ಲಿಯವರೆಗೆ ಕಂಡ ಅತಿ ದೊಡ್ಡ ನೋಟವಾಗಿತ್ತು.

2023ರ ಜನವರಿಯಲ್ಲಿ, ತೊಗರಿ ರಾಶಿಯ ಗದ್ದಲ ಮುಗಿದ ಮೇಲೆ, ಹುಬ್ಬಳ್ಳಿಯಲ್ಲಿರುವ ಮಗನ ಒತ್ತಾಯಕ್ಕೆ ಮಣಿದು ನಾವಿಬ್ಬರೂ ಗೋಕರ್ಣಕ್ಕೆ ಹೊರಟೆವು. ನನ್ನವಳಿಗೆ ಮಹಾಬಲೇಶ್ವರನ ದರ್ಶನ ಮುಖ್ಯ, ನನಗೆ ಸಮುದ್ರ. (ನದಿ ಹುಟ್ಟುವ ಊರಿನ ದೇವರೂ, ಕಡಲ ದಂಡೆಯ ದೇವರೂ ಮಹಾಬಲನೇ ಎಂಬುದು ನನಗೆ ತುಂಬಾ ಹಿಡಿಸಿತು.) ತಿಂಥಣಿಯ ಸೇತುವೆ ದಾಟಿ, ಲಿಂಗಸುಗೂರು, ಕುಷ್ಟಗಿ, ಗದಗದ ಮೇಲೆ ಹುಬ್ಬಳ್ಳಿ, ಮರುದಿನ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಕಪ್ಪು ಮಣ್ಣು ಕೆಂಪಾಗಿ, ಕೆಂಪು ಮಣ್ಣು ಹಸಿರಿನೊಳಗೆ ಮುಚ್ಚಿಹೋಗುವುದನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಾ ಹೋಗುವುದೇ ಒಂದು ಭೂಗೋಳದ ಪಾಠ.

ಮಗ ಫೋನಿನಲ್ಲಿ ಗೊತ್ತು ಮಾಡಿದ್ದ ವಸತಿ ಊರೊಳಗಿನ ಲಾಡ್ಜ್ ಅಲ್ಲ. ಗೋಕರ್ಣದ ದಕ್ಷಿಣಕ್ಕೆ ಗುಡ್ಡವೊಂದನ್ನು ದಾಟಿದರೆ ಸಿಗುವ ಕುಡ್ಲೆ ಕಡಲತೀರದಲ್ಲಿ, ಮರಳಿಗೆ ತಾಗಿಯೇ ಇದ್ದ ಒಂದು ಹೋಟೆಲು. ಹೋಟೆಲು ಎಂದರೆ ನೀವು ಊಹಿಸಿಕೊಳ್ಳುವ ಮಹಡಿ, ಗಾಜಿನ ಬಾಗಿಲು ಯಾವುದೂ ಅಲ್ಲಿರಲಿಲ್ಲ. ಕೆಂಪುಕಲ್ಲಿನ ಗಿಡ್ಡ ಗೋಡೆ, ಮೇಲೆ ತೆಂಗಿನ ಗರಿಯ ಹೊದಿಕೆ, ಒಂದು ಮಂಚ, ಒಂದು ಸೊಳ್ಳೆಪರದೆ, ಗೂಟಕ್ಕೆ ನೇತುಹಾಕಿದ ಒಂದು ಬಲ್ಬು. ಊಟ ಮಾಡುವ ಜಾಗಕ್ಕೆ ಮೂರು ಕಡೆ ಗೋಡೆಯೇ ಇಲ್ಲ. ನಮ್ಮ ಹೊಲದಲ್ಲಿ ಕಾವಲಿಗೆ ಹಾಕುವ ಗುಡಿಸಲನ್ನೇ ತುಸು ಒಪ್ಪ ಮಾಡಿ ದಿನಕ್ಕೆ ಸಾವಿರ ರೂಪಾಯಿ ಬಾಡಿಗೆ ಕೇಳುತ್ತಾರಲ್ಲ ಎಂದು ನನ್ನವಳು ಮೊದಲ ಗಳಿಗೆಯಲ್ಲೇ ಗೊಣಗಿದಳು. ತಿಂಡಿಯ ಪಟ್ಟಿಯಲ್ಲಿ ಪ್ಯಾನ್‌ಕೇಕು, ಪಾಸ್ತಾ, ಉಚ್ಚರಿಸಲಾಗದ ಇನ್ನೂ ಏನೇನೋ. ಕೊನೆಯಲ್ಲಿ ಪುಣ್ಯಕ್ಕೆ ಅನ್ನ, ಮೊಸರು. ಪಕ್ಕದ ಕೋಣೆಯ ವಿದೇಶೀಯನೊಬ್ಬ ಬರಿಗಾಲಿನಲ್ಲೇ ಬಂದು, ಬರಿಗಾಲಿನಲ್ಲೇ ಚಹಾ ಕುಡಿದು, ಬರಿಗಾಲಿನಲ್ಲೇ ಸಮುದ್ರಕ್ಕೆ ಹೋಗುತ್ತಿದ್ದ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಈ ಸಡಿಲತನ ಎರಡನೆಯ ದಿನದಿಂದ ನನಗೆ ಇಷ್ಟವಾಗತೊಡಗಿತು.

ಮೊದಲ ದಿನ ಸಂಜೆ ಕೋಣೆಯ ಮುಂದಿನ ಕಟ್ಟೆಯ ಮೇಲೆ ಕುಳಿತೆವು. ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ ಚಾಚಿ ನಿಂತಿವೆ. ನಡುವೆ ತೆರೆದ ಬಾಗಿಲಿನಂತೆ ಸಮುದ್ರ. ಜನವರಿಯಾದ್ದರಿಂದ ಸೂರ್ಯ ನೇರ ಪಶ್ಚಿಮಕ್ಕಲ್ಲದೆ ತುಸು ಎಡಕ್ಕೆ ಸರಿದು ಇಳಿಯುತ್ತಿದ್ದ. ನಮ್ಮಲ್ಲಿ ಅವನು ಜೋಳದ ದಂಟಿನ ಹಿಂದೆಯೋ ಜಾಲಿಯ ಹಿಂದೆಯೋ ಮರೆಯಾಗುತ್ತಾನೆ, ಮುಳುಗುವುದನ್ನು ನಾವು ಪೂರ್ತಿ ಕಾಣುವುದಿಲ್ಲ. ಇಲ್ಲಿ ಕಡೆಯ ಚೂರಿನವರೆಗೂ ಲೆಕ್ಕ ಸಿಗುತ್ತದೆ. ನೀರಿನ ಮೇಲಿನ ಬಣ್ಣವನ್ನು ವರ್ಣಿಸುವ ಶಕ್ತಿ ನನಗಿಲ್ಲ, ಕವಿಗಳಿಗೆ ಬಿಡುತ್ತೇನೆ. ನನ್ನವಳು ಬಹಳ ಹೊತ್ತು ಸುಮ್ಮನಿದ್ದು, "ಏಟು ನೀರು ಅದಾವ ನೋಡ್ರಿ. ಒಂದು ಬಗಸಿ ಕುಡ್ಯಾಕ ಬರಂಗಿಲ್ಲಲ್ಲ" ಎಂದಳು.

ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಗೋಕರ್ಣದ ಅಕ್ಷಾಂಶ ಉತ್ತರ ಹದಿನಾಲ್ಕೂವರೆ ಡಿಗ್ರಿ. ಅದೇ ಗೆರೆಯ ಮೇಲೆ ನೇರ ಪಶ್ಚಿಮಕ್ಕೆ ಎರಡೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕಿ ಹೋದರೆ ಸಿಗುವುದು ಯೆಮೆನ್ ದೇಶದ ಮುಕಲ್ಲಾ ಬಂದರು, ಹಧ್ರಮೌತ್ ಎಂಬ ಒಣ ಸೀಮೆಯ ಬಾಗಿಲು. ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಚಾಕರಿಗೆ ಸೇರಿದ ಅರಬರು ಬಂದದ್ದು ಆ ಸೀಮೆಯಿಂದ, ಈ ನೀರನ್ನೇ ದಾಟಿ. 1858ರಲ್ಲಿ ನಮ್ಮ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರಿಗೆ ಎದುರು ನಿಂತಾಗ ಅವರ ಪಡೆಯಲ್ಲಿ ಬೇಡರೊಂದಿಗೆ ಅರಬರೂ ರೋಹಿಲರೂ ಇದ್ದರು. ಮಳೆಯಿಲ್ಲದ ನಾಡಿನವರು ಸಂಬಳಕ್ಕಾಗಿ ಸಮುದ್ರ ದಾಟಿ ಮತ್ತೊಂದು ಮಳೆಯಿಲ್ಲದ ನಾಡಿಗೆ ಬಂದರು. ಅವರ ಕಣ್ಣಿಗೆ ಈ ಸಮುದ್ರ ಸುಂದರವಾಗಿ ಕಂಡಿತ್ತೋ ಇಲ್ಲವೋ!

ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆಯವರಿಗೆ ನೀರು ಎಂದೂ 'ನೋಟ' ಆಗಿರಲಿಲ್ಲ. ಒಂದೋ ಅದು ಇಲ್ಲ, ಇಲ್ಲವೇ ಅದು ಅಡ್ಡ. 2013ರ ಜುಲೈ ತಿಂಗಳಲ್ಲಿ ಕೃಷ್ಣೆ ತುಂಬಿ ನೀಲಕಂಠರಾಯನಗಡ್ಡಿ ನಡುಗಡ್ಡೆಯಾಗಿದ್ದಾಗ, ಆ ಗಡ್ಡಿಯ ತುಂಬು ಗರ್ಭಿಣಿಯೊಬ್ಬಳು ಒಣಗಿದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತವರಿನ ಗಂಡಸರ ಬೆಂಬಲದಲ್ಲಿ ಈಜಿ, ಹೆರಿಗೆಗೆಂದು ಕಕ್ಕೇರಾಕ್ಕೆ ಬಂದ ಸಂಗತಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಓದಿದವರು ಬೆರಗಾದರು. ನಮ್ಮೂರವರು ಬೆರಗಾಗಲಿಲ್ಲ, ಬುರುಡೆ ಕಟ್ಟಿಕೊಂಡು ಹೊಳೆ ದಾಟುವುದು ಅವರಿಗೆ ಗೊತ್ತಿದ್ದ ದಾರಿಯೇ. 2019ರ ಆಗಸ್ಟಿನಲ್ಲಿ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗಲೂ ನಾವು ದಂಡೆಗೆ ಹೋಗಿ ನೋಡಿದ್ದು ಚೆಲುವನ್ನಲ್ಲ, ಎಲ್ಲಿಯವರೆಗೆ ಏರಿದೆ ಎಂಬುದನ್ನು. ಹೀಗಾಗಿ ಕುಡ್ಲೆಯಲ್ಲಿ ಮೊದಲ ರಾತ್ರಿ ಅಲೆಯ ಸದ್ದಿಗೆ ನಾನು ಎರಡು ಸಲ ಎದ್ದು ಹೊರಗೆ ಬಂದು, ನೀರು ಕಟ್ಟೆಗೆ ಎಷ್ಟು ದೂರವಿದೆ ಎಂದು ನೋಡಿದೆ. ಮರುದಿನದಿಂದ ಒಂದು ಕಲ್ಲಿನ ಗುರುತಿಟ್ಟು ಉಬ್ಬರದ ವೇಳೆ ಬರೆದುಕೊಳ್ಳತೊಡಗಿದೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಎಂದು ಪಾಠ ಹೇಳುತ್ತಿದ್ದೆನಲ್ಲ, ಹಾಗೆಯೇ ಆಗುತ್ತಿತ್ತು. ಪುಸ್ತಕದ ಮಾತು ಕಣ್ಣೆದುರು ನಿಜವಾಗುವ ಸಂತೋಷವನ್ನು ಮಾಸ್ತರಿಕೆ ಮಾಡಿದವರೇ ಬಲ್ಲರು.

ಹೀಗೆ ಕಲ್ಲಿನ ಹತ್ತಿರ ಬಗ್ಗಿ ನಿಂತಿದ್ದಾಗಲೇ ಹಿಂದಿನಿಂದ ಒಂದು ದನಿ ಬಂತು. "ಸರ, ನೀವು ಕಕ್ಕೇರಾ ಸಾಲಿ ಸರ ಹೌದಲ್ರಿ?"

ಕೈಯಲ್ಲಿ ಗ್ಲಾಸುಗಳ ತಟ್ಟೆ, ಮಂಡಿಯವರೆಗಿನ ಚಡ್ಡಿ, ಮೈಗೆ ಯಾವುದೋ ಪರದೇಶಿ ಬಿಟ್ಟುಹೋದ ಅಂಗಿ. ಮೂವತ್ತರ ಮೇಲಿನ ವಯಸ್ಸು. ಹೆಸರು ಹೇಳಿದ. (ಇಲ್ಲಿ ಬರೆಯುವುದು ಬೇಡವೆಂದು ಅವನೇ ಕೇಳಿಕೊಂಡಿದ್ದಾನೆ; ಅವನ ಜೊತೆ ಕಲಿತವರಿಗೆ ತಾನಾಗಿಯೇ ತಿಳಿದೀತು.) ನಮ್ಮ ಪಕ್ಕದ ತಾಂಡಾದ ಹುಡುಗ. ಎಂಟನೆಯ ತರಗತಿಯಲ್ಲಿ ಅವನ ನಕಾಶೆಗಳನ್ನು ಇತರರಿಗೆ ತೋರಿಸುತ್ತಿದ್ದೆ. ಒಂಬತ್ತನೆಯ ತರಗತಿಯ ದೀಪಾವಳಿ ರಜೆ ಮುಗಿದ ಮೇಲೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಕಾಲದಲ್ಲಿ ಹಾಗೆ ಸಾಲುಸಾಲಾಗಿ ಗೈರುಹಾಜರಿಯ ಗುರುತು ಬೀಳುತ್ತಿತ್ತು. ಕಾರಣ ಕೇಳಿದರೆ ಉಳಿದ ಮಕ್ಕಳು ಒಂದೇ ದನಿಯಲ್ಲಿ "ಗುಳೆ ಹೋಗ್ಯಾರ್ರಿ" ಎನ್ನುತ್ತಿದ್ದರು. ಬೆಂಗಳೂರು, ಪುಣೆ, ಮುಂಬೈ, ಗೋವಾ, ಮಂಗಳೂರು. ಯಾದಗಿರಿ ಸೀಮೆಯ ಮಕ್ಕಳು ಭಾರತದ ಭೂಪಟವನ್ನು ಹೀಗೂ ಕಲಿಯುತ್ತಾರೆ.

ಅವನ ಕಥೆಯನ್ನು ಮೂರು ದಿನ ಬಿಡುವು ಸಿಕ್ಕಾಗಲೆಲ್ಲ ತುಂಡುತುಂಡಾಗಿ ಹೇಳಿದ. ಮೊದಲು ಅಪ್ಪ ಅವ್ವರೊಂದಿಗೆ ಗೋವಾದಲ್ಲಿ ಕಟ್ಟಡದ ಕೆಲಸ. ಅಲ್ಲಿ ವಾಸ್ಕೋ ಬಳಿಯ ಬೈನಾ ಕಡಲತೀರದಲ್ಲಿ ಸೋದರಮಾವನ ಮನೆಯಿತ್ತು. 2017ರಲ್ಲಿ ಬೈನಾದ ಕನ್ನಡಿಗರ ಮನೆಗಳನ್ನು ಕೆಡವಿದಾಗ ಅದೂ ಹೋಯಿತು. ಆ ಮನೆಯ ಬಾಗಿಲಿಗೂ ಸಮುದ್ರವೇ ಎದುರು. ಆದರೆ ಅದನ್ನು ಯಾರೂ ನೋಟ ಎಂದು ಕರೆಯಲಿಲ್ಲ. ಆಮೇಲೆ ಗೋಕರ್ಣಕ್ಕೆ ಬಂದ. ನಾವು ಮಲಗಿದ್ದ ಕೋಣೆಯ ಕೆಂಪುಕಲ್ಲುಗಳನ್ನು ಗುಡ್ಡದ ಮೇಲಿನಿಂದ ಮೆಟ್ಟಿಲಿಳಿದು ಹೊತ್ತು ತಂದವರಲ್ಲಿ ಅವನೂ ಒಬ್ಬ. "ನಿಮ್ಮ ತಲಿ ಕಡಿ ಗ್ವಾಡಿ ಐತಲ್ರಿ ಸರ, ಅದು ನಾ ಹೊತ್ತ ಕಲ್ಲ" ಎಂದು ನಕ್ಕ. ಈಗ ಅಡಿಗೆಮನೆ, ಕೋಣೆ ಗುಡಿಸುವುದು, ಗಿರಾಕಿಗಳ ಸಾಮಾನು ಹೊರುವುದು ಎಲ್ಲವೂ ಅವನದೇ.

ಇಂಥ ಹೋಟೆಲುಗಳು ಇಷ್ಟು ಹಗುರಾಗಿ ಯಾಕಿರುತ್ತವೆ ಎಂಬುದೂ ಅವನಿಂದಲೇ ತಿಳಿಯಿತು. ಕಡಲ ದಂಡೆಯಲ್ಲಿ ಮನಬಂದಂತೆ ಕಟ್ಟುವಂತಿಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮಗಳು 1991ರಿಂದ ಇವೆ, 2011ರಲ್ಲಿ, 2019ರಲ್ಲಿ ಹೊಸದಾಗಿ ಬಂದವು. ನಿಯಮಕ್ಕಿಂತ ದೊಡ್ಡದು ಮಳೆಗಾಲ. ಮೇ ತಿಂಗಳ ಕೊನೆಗೆ ಗರಿಯ ಹೊದಿಕೆ ಇಳಿಸಿ, ಬಿದಿರು ಬಿಚ್ಚಿ, ಹಾಸಿಗೆ ಸುತ್ತಿ ಊರೊಳಗೆ ಸಾಗಿಸುತ್ತಾರೆ. ಆಗ ಇವನೂ ಕಕ್ಕೇರಾಕ್ಕೆ ಹೊರಡುತ್ತಾನೆ. ಜೂನಿನಲ್ಲಿ ಎರಡು ಎಕರೆ ತೊಗರಿ ಬಿತ್ತಿ, ಕಳೆ ತೆಗೆದು, ಸೆಪ್ಟೆಂಬರ್ ಮುಗಿಯುತ್ತಿದ್ದಂತೆ ಹಿಂತಿರುಗಿ ಹೊಸ ಗರಿ ಹೊದಿಸುತ್ತಾನೆ. ಬೆಳೆ ಕೊಯ್ಯುವುದನ್ನು ಹೆಂಡತಿ ನೋಡಿಕೊಳ್ಳುತ್ತಾಳೆ. ಗಿರಾಕಿಗಳು ಹೊಗಳಿ ಹೋಗುವ ಆ ಸಡಿಲತನದ ಹಿಂದೆ ವರ್ಷಕ್ಕೊಮ್ಮೆ ಬಿಚ್ಚಿ ವರ್ಷಕ್ಕೊಮ್ಮೆ ಕಟ್ಟುವ ಇಷ್ಟು ಕೆಲಸವಿದೆ.

ಅವನು ಮಲಗುವುದು ಅಡಿಗೆಮನೆಯ ಹಿಂದಿನ ತಗಡಿನ ಕೋಣೆಯಲ್ಲಿ, ಗುಡ್ಡದ ಕಡೆಗೆ ಮುಖ ಮಾಡಿ. ಸಂಜೆ ಸೂರ್ಯ ಇಳಿಯುವ ಹೊತ್ತಿಗೇ ಗಿರಾಕಿಗಳು ಹೆಚ್ಚು. ಆ ಹೊತ್ತಿನಲ್ಲಿ ಅವನು ಒಲೆಯ ಮುಂದೆ. ಇಷ್ಟು ವರ್ಷದಲ್ಲಿ ಕುಳಿತು ನೋಡಿದ್ದುಂಟೇ ಎಂದು ನನ್ನವಳು ಕೇಳಿದಳು. "ಕುಂತ್ರ ಹ್ಯಾಂಗ್ರಿ ಅಮ್ಮ" ಎಂದನೇ ಹೊರತು ಅದರಲ್ಲಿ ದೂರು ಇರಲಿಲ್ಲ.

ಮೂರನೆಯ ದಿನ ನನ್ನವಳು ತನ್ನದೇ ರೀತಿಯಲ್ಲಿ ವ್ಯವಸ್ಥೆ ಮಾಡಿದಳು. ಊರಿನಿಂದ ಕಟ್ಟಿಕೊಂಡು ತಂದಿದ್ದ ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಇವನ್ನು ಬಿಚ್ಚಿ ಕಟ್ಟೆಯ ಮೇಲೆ ಹರಡಿ, ಹೋಟೆಲಿನ ಯಜಮಾನರನ್ನೇ ಕರೆದು, "ಈತ ನಮ್ಮೂರ ಹುಡುಗ. ಅರ್ಧ ತಾಸು ನಮ್ಮ ಸಂಗಾಟ ಉಣ್ಣಲಿ" ಎಂದಳು. ಅವರು ಒಳ್ಳೆಯವರು, ನಕ್ಕು ಒಪ್ಪಿದರು. ತಾವೂ ಒಂದು ರೊಟ್ಟಿ ಮುರಿದುಕೊಂಡು ಹೋದರು. ಹುಡುಗ ಮೊದಲು ಸಮುದ್ರಕ್ಕೆ ಬೆನ್ನು ಹಾಕಿ ಕುಳಿತ. ಮಾಸ್ತರರ ಎದುರು ಕುಳಿತ ಅಭ್ಯಾಸವಿರಬೇಕು. ನಾನೇ ಹೇಳಿ ಈ ಕಡೆಗೆ ತಿರುಗಿಸಿದೆ.

ಸೂರ್ಯ ನೀರಿಗೆ ಮುಟ್ಟುವ ಹೊತ್ತಿಗೆ ಕೇಳಿದ. "ಸರ, ನಮ್ಮ ಹೊಳಿ ನೀರು ಇಲ್ಲಿಗೆ ಬರಂಗಿಲ್ಲಲ್ರಿ?"

"ಇಲ್ಲಪ್ಪ. ಅದು ಮೂಡಲಕ್ಕೆ ಹೋಗ್ತದ. ಹಂಸಲದೀವಿ. ನೀನೇ ನಕಾಶಿ ತೆಗಿತಿದ್ದಿ."

"ನೆನಪೈತ್ರಿ. ನಾವ ಈ ಕಡಿ ಹರದು ಬಂದೀವಿ ನೋಡ್ರಿ" ಎಂದು ಮತ್ತೊಂದು ರೊಟ್ಟಿಗೆ ಕೈ ಹಾಕಿದ. ನನ್ನವಳು ಹಿಂಡಿ ಬಡಿಸಿದಳು. ಸೂರ್ಯ ಮುಳುಗುವುದನ್ನು ಮೂವರೂ ನೋಡಿದೆವು. ಮುಳುಗಿದ ತಕ್ಷಣ ಅವನು ಎದ್ದು ಕೈ ತೊಳೆದು ಅಡಿಗೆಮನೆಗೆ ನಡೆದ; ಒಳಗಿನಿಂದ ಪಾತ್ರೆಯ ಸದ್ದು ಕೇಳಿಸತೊಡಗಿತು.

ಹೊರಡುವ ದಿನ ಬೆಳಿಗ್ಗೆ ನಮ್ಮ ಚೀಲಗಳನ್ನು ತಾನೇ ಹೊತ್ತು ಗುಡ್ಡದ ಮೇಲಿನವರೆಗೆ ಬಂದ. ಹಣ ಕೊಡಹೋದರೆ ಮುಟ್ಟಲಿಲ್ಲ. ಒಂದು ಕೆಲಸ ಹೇಳಿದ. ಮಗಳು ನಾಲ್ಕನೆಯ ತರಗತಿ, ಅಜ್ಜಿಯ ಹತ್ತಿರ ತಾಂಡಾದಲ್ಲೇ ಇದ್ದಾಳೆ. ರಾಶಿ ಮುಗಿದದ್ದರಿಂದ ಹೆಂಡತಿಯೂ ಈಗ ಗೋಕರ್ಣಕ್ಕೆ ಕೆಲಸಕ್ಕೆ ಬರುತ್ತೇನೆಂದು ಹಟ ಹಿಡಿದಿದ್ದಾಳೆ, ಬಂದರೆ ಮಗಳನ್ನೂ ಕರೆತರುತ್ತಾಳೆ. "ಕರಕೊಂಡು ಬರಬ್ಯಾಡ ಅಂತ ನೀವು ಒಂದು ಮಾತು ಹೇಳ್ರಿ ಸರ. ನಾ ಹೇಳಿದ್ರ ಕೇಳವಲ್ಲಳು" ಎಂದ. ಜೇಬಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು ಕೊಟ್ಟ. ಅದರೊಳಗೆ ಕಪ್ಪೆಚಿಪ್ಪುಗಳು, ಒಂದು ಕಂಪಾಸು ಪೆಟ್ಟಿಗೆ, ಬಣ್ಣದ ಪೆನ್ಸಿಲುಗಳು.

ಊರಿಗೆ ಬಂದ ಮೂರನೆಯ ದಿನ ತಾಂಡಾಕ್ಕೆ ಹೋದೆವು. ಮಾತನಾಡಿದ್ದು ನಾನಲ್ಲ, ನನ್ನವಳು. ಹೆಣ್ಣುಮಕ್ಕಳು ಒಳಗೆ ಕುಳಿತು ಒಂದು ತಾಸು ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಗುಳೆ ಹೋಗುವವರ ಮಕ್ಕಳಿಗಾಗಿ ನಡೆಸುವ ಋತುಮಾನದ ವಸತಿ ಕೇಂದ್ರದ ವಿಷಯವನ್ನು ನಾನು ಹೊರಗೆ ಅಜ್ಜಿಗೆ ವಿವರಿಸಿದೆ. ಆ ವರ್ಷ ಹುಡುಗಿ ಊರಿನಲ್ಲೇ ಉಳಿದಳು. ನಾವು ಹೋದಾಗ ಕಪ್ಪೆಚಿಪ್ಪೊಂದನ್ನು ಕಿವಿಗೆ ಹಿಡಿದು, ಒಳಗೆ ಏನು ಕೇಳುತ್ತದೆ ಎಂದು ಅಜ್ಜಿಗೆ ಕೂಗಿ ಹೇಳುತ್ತಿದ್ದಳು. ಅಜ್ಜಿಗೆ ಕಿವಿ ಮಂದ.