ಗಾಲಿಯ ಬೆನ್ನು

ರಾಯಚೂರು ಜಿಲ್ಲೆಯ ನಮ್ಮ ಜಾಲಹಳ್ಳಿಯಲ್ಲಿ ಕಾರು ಕೊಂಡರೆ ಅದು ನಿಮ್ಮೊಬ್ಬರ ಕಾರಾಗಿ ಉಳಿಯುವುದಿಲ್ಲ. ಸಾಲ ನಿಮ್ಮ ಹೆಸರಲ್ಲಿ, ಆರ್‌ಸಿ ನಿಮ್ಮ ಹೆಸರಲ್ಲಿ. ಅಭಿಪ್ರಾಯ ಮಾತ್ರ ಊರಿನ ಹೆಸರಲ್ಲಿ. ಬಸ್‌ಸ್ಟ್ಯಾಂಡಿನ ಚಹಾದಂಗಡಿ ಮುಂದೆ ನಿಲ್ಲಿಸಿದರೆ ಸಾಕು, ಒಬ್ಬರು ಬಾಗಿಲು ತೆಗೆದು ದಪ್ಪೆಂದು ಮುಚ್ಚಿ ಸಪ್ಪಳ ಕೇಳುತ್ತಾರೆ. ಇನ್ನೊಬ್ಬರು ಮೈಲೇಜು ಎಷ್ಟೆಂದು ಕೇಳಿ, ನೀವು ಹೇಳಿದ್ದನ್ನು ನಂಬದೆ, ತಾವೇ ಒಂದು ಅಂಕಿ ಹೇಳಿ ಹೋಗುತ್ತಾರೆ. ನಾನು ರಾಯಚೂರಿನಿಂದ ಹಳೆಯ ಸ್ವಿಫ್ಟ್ ತಂದಾಗ ಊರು ಅದನ್ನು ಒಟ್ಟಿನಲ್ಲಿ ಒಪ್ಪಿಕೊಂಡಿತು, ಗಾಲಿಯೊಂದನ್ನು ಬಿಟ್ಟು. ಹದಿನಾಲ್ಕು ಇಂಚಿನ ಕಬ್ಬಿಣದ ಗಾಲಿ, ಮೇಲೆ ಬೂದು ಬಣ್ಣದ ಪ್ಲಾಸ್ಟಿಕ್ ಮುಚ್ಚಳ. ಆ ಮುಚ್ಚಳಗಳಲ್ಲಿ ಒಂದು ದೇವದುರ್ಗದ ದಾರಿಯಲ್ಲಿ ಎಲ್ಲೋ ಉದುರಿಹೋದ ಮೇಲಂತೂ ತೀರ್ಪು ಖಾಯಂ ಆಯಿತು.

"ಮಾವಾ, ಗಾಡಿ ಚಲೋ ಐತಿ. ಆದ್ರ ಹೊಸಾ ಧೋತ್ರ ಉಟ್ಟು ಬರಿಗಾಲಾಗ ನಿಂತಂಗ ಕಾಣ್ತೈತಿ. ಅಲಾಯ್ ಹಾಕಸ್ರಿ," ಎಂದ ನನ್ನ ಅಕ್ಕನ ಮಗ. ಅವನ ಮೊಬೈಲಿನಲ್ಲಿ ಹದಿನಾರು ಇಂಚಿನ, ಕತ್ತಿಯಂಥ ಅಲಗುಗಳ ಗಾಲಿಯ ಚಿತ್ರ ಮೊದಲೇ ಸಿದ್ಧವಿತ್ತು.

ಗಾಲಿ ಆರಿಸುವುದು ನಮ್ಮ ಮನೆಗೆ ಹೊಸ ಕೆಲಸವಲ್ಲ. ತಾತ ಬಂಡಿಗೆ ಗಾಲಿ ಮಾಡಿಸಬೇಕೆಂದರೆ ಅಂಗಡಿಗೆ ಹೋಗುತ್ತಿರಲಿಲ್ಲ, ಮರದ ಹತ್ತಿರ ಹೋಗುತ್ತಿದ್ದರು. ಹೊಲದ ಬದುವಿನ ಕರಿಜಾಲಿಯನ್ನು ಸುತ್ತು ಹಾಕಿ ನೋಡಿ, ಗಂಟು ಎಲ್ಲಿದೆ, ಹುಳು ಹೊಕ್ಕಿದೆಯೋ ಇಲ್ಲವೋ ಎಂದು ಕೊಡಲಿಯ ಹಿಂಬದಿಯಿಂದ ತಟ್ಟಿ ಕೇಳಿ, ಆಮೇಲೆ ಕಡಿಸುತ್ತಿದ್ದರು. ಕಡಿದ ಮರ ನೆರಳಲ್ಲಿ ಒಣಗಬೇಕು. ಅವಸರ ಮಾಡಿದರೆ ಗಾಲಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಒಣಗಿದ ಮೇಲೆ ಬಡಿಗೇರರ ಕೈಗೆ. ನಡುವಿನ ಗುಂಬ, ಅದಕ್ಕೆ ನಾಟಿದ ಅರಗಳು, ಅರಗಳ ತುದಿಗೆ ಕೂಡಿಸಿದ ಹೊರಸುತ್ತಿನ ಬಾಗು ತುಂಡುಗಳು. ಒಂದು ಮೊಳೆಯೂ ಇಲ್ಲದೆ ಕಟ್ಟಿಗೆಯೊಳಗೆ ಕಟ್ಟಿಗೆ ಕೂತ ಆ ವೃತ್ತ, ಕಮ್ಮಾರರು ಹಳಿ ತೊಡಿಸುವ ತನಕ ಬರೀ ಹೊಂದಾಣಿಕೆ, ಇನ್ನೂ ಗಾಲಿಯಲ್ಲ.

ಹಳಿ ತೊಡಿಸುವ ದಿನ ಹುಡುಗರಿಗೆಲ್ಲ ಅಲ್ಲೇ ಠಿಕಾಣಿ. ಕಬ್ಬಿಣದ ಬಳೆಯನ್ನು ಗಾಲಿಗಿಂತ ಒಂದಿಷ್ಟು ಚಿಕ್ಕದಾಗಿಯೇ ಬೆಸೆದಿರುತ್ತಿದ್ದರು. ಅದನ್ನು ನೆಲದ ಮೇಲೆ ಮಲಗಿಸಿ, ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಾಕಿದರೆ ಕಬ್ಬಿಣ ಕೆಂಪಾಗಿ ಹಿಗ್ಗುತ್ತಿತ್ತು. ಇಕ್ಕಳ ಹಿಡಿದ ಮೂರ್ನಾಲ್ಕು ಜನ ಒಮ್ಮೆಲೇ ಎತ್ತಿ ಗಾಲಿಯ ಮೇಲೆ ಕೂಡಿಸುತ್ತಿದ್ದಂತೆ ಕಟ್ಟಿಗೆ ಹತ್ತಿಕೊಂಡು ಹೊಗೆ. ಹೊಗೆಯ ಮೇಲೆ ಕೊಡಗಟ್ಟಲೆ ನೀರು. ತಣಿದ ಕಬ್ಬಿಣ ಕುಗ್ಗಿ, ಸಡಿಲವಿದ್ದ ಒಂದೊಂದು ಸಂದೂ ಕಟಕಟನೆ ಬಿಗಿದುಕೊಳ್ಳುವ ಸಪ್ಪಳ ಉಗಿಯ ಒಳಗಿಂದ ಬರುತ್ತಿತ್ತು. ತಾತ ಆ ಸಪ್ಪಳಕ್ಕೆ ಕಿವಿಗೊಟ್ಟು ನಿಂತಿರುತ್ತಿದ್ದರು. ಎಲ್ಲೋ ಒಂದು ಕಡೆ ಸದ್ದು ಕೇಳದಿದ್ದರೆ, "ಇಲ್ಲಿ ಇನ್ನಾ ಕುಂತಿಲ್ಲ ನೋಡಪಾ" ಎಂದು ಬೆರಳು ಮಾಡಿ ತೋರಿಸುತ್ತಿದ್ದರು.

ಕೊಳ್ಳುವವನು ಗಾಲಿಯ ಹುಟ್ಟಿಗೆ ಸಾಕ್ಷಿಯಾಗಿದ್ದ ಕಾಲ ಅದು. ಯಾವ ಮರ, ಯಾರ ಉಳಿ, ಯಾರ ಕುಲುಮೆ ಎಲ್ಲವೂ ಗೊತ್ತು. ಕೂಲಿ ಸುಗ್ಗಿಯಲ್ಲಿ ಆಯದ ಜೋಳವಾಗಿ ಸಲ್ಲುತ್ತಿದ್ದರಿಂದ ಗಾಲಿ ಕೆಟ್ಟರೆ ಯಾರ ಬಾಗಿಲಿಗೆ ಹೋಗಬೇಕೆಂಬುದೂ ಗೊತ್ತು. ಅವರಾದರೂ ಎಲ್ಲಿ ಓಡಿಹೋದಾರು? ಹೆಚ್ಚೆಂದರೆ ಸೇತುವೆ ದಾಟಿ ತಿಂಥಣಿಗೆ. ಕೃಷ್ಣೆಯ ಆಚೆ ದಡದ ಮೌನೇಶ್ವರರು ವಿಶ್ವಕರ್ಮ ಪರಂಪರೆಯವರು. ಅಲ್ಲಿ ಜಾತ್ರೆ ಎಂದರೆ ನಮ್ಮ ಬಡಿಗೇರರ ಉಳಿಗೂ ಕಮ್ಮಾರರ ತಿದಿಗೂ ರಜೆ. ಆ ದಿನಗಳಲ್ಲಿ ಬಂಡಿ ಮುರಿದುಕೊಂಡವನು ಕಾಯಲೇಬೇಕು.

ಅಪ್ಪನ ಕಾಲಕ್ಕೆ ಟೈರಿನ ಬಂಡಿ ಬಂತು. ಹಳಿಯ ಗಾಲಿ ಡಾಂಬರು ಕೊರೆಯುತ್ತದೆಂದು ರಸ್ತೆಯವರಿಗೆ ಸಿಟ್ಟು, ಹೊರೆ ಹೆಚ್ಚಾಯಿತೆಂದು ಎತ್ತಿಗೆ ಕಷ್ಟ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ದೊಡ್ಡ ಕಂಪನಿಗಳ ಆಡಳಿತ ಕಲಿಸುವ ಸಂಸ್ಥೆಯಲ್ಲಿದ್ದುಕೊಂಡೇ ಎತ್ತಿನ ಬಂಡಿಯ ಸುಧಾರಣೆಗೆ ವರ್ಷಗಟ್ಟಲೆ ದುಡಿದರು. ನೊಗ, ಅಚ್ಚು, ಗಾಲಿ ಇವು ದೇಶದ ಸಾಗಾಟದ ಲೆಕ್ಕಕ್ಕೆ ಬರಬೇಕಾದ ಸಂಗತಿ ಎಂದು ಪಟ್ಟುಹಿಡಿದು ಹೇಳಿದವರು ಅವರು. ಈಗ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದಲ್ಲೆಲ್ಲ ಭತ್ತ, ಭತ್ತದ ಕೆಸರಿಗೆ ಟ್ರ್ಯಾಕ್ಟರಿನ ಕೇಜ್ ವೀಲ್. ಗದ್ದೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಅದೇ ಗಾಲಿಯನ್ನು ಬಿಚ್ಚದೆ ಡಾಂಬರಿನ ಮೇಲೆ ಓಡಿಸಿದಾಗ ರಸ್ತೆಯ ಮೈಮೇಲೆ ಸಾಲುಗಟ್ಟಿ ಗಾಯ. ಗಾಲಿ ಚಲೋದೋ ಕೆಟ್ಟದ್ದೋ ಎಂಬುದಕ್ಕೆ ದಾರಿಯನ್ನು ಬಿಟ್ಟು ಉತ್ತರವಿಲ್ಲ.

ಭಾರವನ್ನು ಬಿಟ್ಟೂ ಇಲ್ಲ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಏಳು ಶತಮಾನಕ್ಕೂ ಹಳೆಯ ಸಾಕ್ಷಿ ಇದೆ. ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಮಿಕ್ಕಿ ಉದ್ದದ ಒಂದೇ ಕಲ್ಲು ಮಲಗಿದೆ. ಅದರ ಮೇಲಿನ 1294ರ ಶಾಸನ, ಕಾಕತೀಯರ ಕಾಲದಲ್ಲಿ ವಿಠಲನಾಥನೆಂಬ ಅಧಿಕಾರಿ ಈ ಕೋಟೆ ಕಟ್ಟಿಸಿದ್ದನ್ನು ಹೇಳುತ್ತದೆ. ಶಾಸನಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ಅಲ್ಲೇ ಗೀರಿದ ಚಿತ್ರ. ಇದೇ ಕಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ, ಮುಂದೆ ಕೋಣಗಳ ಉದ್ದನೆಯ ಸಾಲು, ನಡುನಡುವೆ ಹುರಿದುಂಬಿಸುವ ಆಳುಗಳು, ಹಿಂದೆ ಗಾಲಿಗೆ ಸನ್ನೆಕೋಲು ಕೊಟ್ಟು ಮೀಟುವವರು. ಆ ಗಾಲಿಗಳಿಗೆ ಅರಗಳೇ ಇಲ್ಲ. ಇಡೀ ಹಲಗೆಯ ಗಟ್ಟಿ ಬಿಲ್ಲೆ. ಅರದ ಗಾಲಿ ಆ ಹೊತ್ತಿಗೆ ಎಲ್ಲರೂ ಬಲ್ಲ ಹಳೆಯ ವಿದ್ಯೆ. ಗೊತ್ತಿದ್ದೂ ಬಿಟ್ಟಿದ್ದಾರೆ, ಹೊರೆ ಅಂಥದು. ಹಂಪಿಯ ಕಲ್ಲಿನ ರಥದ ಗಾಲಿ ಚೆಂದವಿದೆ, ಐವತ್ತರ ನೋಟಿನ ಮೇಲೂ ಬಂದಿದೆ, ಆದರೆ ಎಲ್ಲಿಗೂ ಹೋಗಲಿಲ್ಲ. ರಾಯಚೂರಿನ ಚಿತ್ರದ ಗಾಲಿಗೆ ಚೆಂದವಿಲ್ಲ, ಕಲ್ಲು ಮಾತ್ರ ಗೋಡೆ ಸೇರಿದೆ.

ಗಾಲಿ ಕೊಳ್ಳಲು ರಾಯಚೂರಿಗೆ ಹೊರಟ ದಾರಿಯಲ್ಲಿ ಈ ಪುರಾಣವನ್ನೆಲ್ಲ ಅಳಿಯನಿಗೆ ಕಲ್ಮಲ ದಾಟುವವರೆಗೆ ಹೇಳಿದೆ. "ಆತು ಮಾವಾ, ಹದಿನಾರರದ್ದ ನೋಡೂಣು," ಎಂದ.

ರಾಯಚೂರಿನ ಅಂಗಡಿಯಲ್ಲಿ ಗೋಡೆ ತುಂಬ ಗಾಲಿಗಳು, ಎಲ್ಲವೂ ಮುಖ ಹೊರಗೆ ಮಾಡಿ ನಿಂತಿದ್ದವು. ಅಳಿಯ ಮೆಚ್ಚಿದ ಒಂದನ್ನು ಇಳಿಸಿ ತಿರುವಿಡಲು ಹೇಳಿದೆ. ಅಂಗಡಿಯವರು, "ಯಜಮಾನ್ರ, ಡಿಸೈನ್ ಈ ಕಡಿ ಐತ್ರಿ," ಎಂದರು. ನನಗೆ ಬೇಕಾದದ್ದು ಆ ಕಡೆಯದೇ. ಗಾಲಿಯ ಮುಖ ನೋಡುವವರಿಗಾಗಿ, ಬೆನ್ನು ಕೂರುವವರಿಗಾಗಿ. ತಾತ ಕಿವಿಯಿಂದ ಕೇಳಿ ತಿಳಿದದ್ದೆಲ್ಲ ಈಗ ಅಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತದೆ.

ಮೊದಲನೆಯದು 4×100. ನಾಲ್ಕು ಬೋಲ್ಟು, ಅವುಗಳ ಮೂಲಕ ಹಾಯುವ ವೃತ್ತದ ವ್ಯಾಸ 100 ಮಿಲಿಮೀಟರ್. ಇದಕ್ಕೆ ಪಿಸಿಡಿ ಅನ್ನುತ್ತಾರೆ, ಸ್ವಿಫ್ಟ್‌ಗೆ ಇದೇ ಬೇಕು. ಎರಡನೆಯದು ಇಟಿ ಎಂಬ ಅಕ್ಷರಗಳ ಮುಂದಿನ ಅಂಕಿ, ಅಂದರೆ ಆಫ್‌ಸೆಟ್: ಗಾಲಿ ಹಬ್‌ಗೆ ತಾಗುವ ಮೈ ಅದರ ನಟ್ಟನಡುವಿನಿಂದ ಎಷ್ಟು ಸರಿದಿದೆ ಎಂಬ ಲೆಕ್ಕ. ಇದು ಬಹಳ ಕಡಿಮೆಯಾದರೆ ಗಾಲಿ ಮಡ್‌ಗಾರ್ಡಿನ ಹೊರಗೆ ಇಣುಕುತ್ತದೆ, ಕೆಸರು ಬಾಗಿಲಿಗೆ ಬಡಿಯುತ್ತದೆ, ಬೇರಿಂಗು ಬೇಗ ಸವೆಯುತ್ತದೆ. ಮೂರನೆಯದು ನಡುವಿನ ತೂತು. ಸ್ವಿಫ್ಟ್‌ನ ಹಬ್ 54.1 ಮಿಲಿಮೀಟರ್. ತಾತನ ಬಡಿಗೇರರು ನಮ್ಮ ಅಚ್ಚಿಗೆ ತಕ್ಕಂತೆ ಗುಂಬ ಕೊರೆಯುತ್ತಿದ್ದರು. ಅಂಗಡಿಯ ಗಾಲಿ ಯಾರ ಕಾರೆಂದು ತಿಳಿಯದೆ ಎರಕ ಹೊಯ್ದದ್ದು, ಹಾಗಾಗಿ ಎಲ್ಲರಿಗೂ ಸಲ್ಲುವ ದೊಡ್ಡ ತೂತು. ಉಳಿದ ಸಂದಿಗೆ ಸರಿಯಳತೆಯ ರಿಂಗ್ ಹಾಕದಿದ್ದರೆ ವೇಗ ಏರಿದಾಗ ಸ್ಟೇರಿಂಗ್ ನಡುಗುತ್ತದೆ.

ಆಮೇಲೆ ಗುಣದ ಗುರುತು. ಅಲಾಯ್ ಗಾಲಿಗಳಿಗೆ ನಮ್ಮ ಮಾನಕ ಐಎಸ್ 16192. ಐಎಸ್‌ಐ ಗುರುತು, ಹೊರಬಲ್ಲ ಗರಿಷ್ಠ ಭಾರ, ತಯಾರಾದ ಕಾಲ ಇವೆಲ್ಲ ಲೋಹದಲ್ಲೇ ಮೂಡಿರಬೇಕು, ಸ್ಟಿಕ್ಕರ್ ನಂಬುವಂತಿಲ್ಲ. ಜಪಾನಿನ ಗಾಲಿಗಳ ಮೇಲೆ ಜೆಡಬ್ಲ್ಯುಎಲ್, ವಿಐಎ ಎಂಬ ಅಕ್ಷರಗಳಿರುತ್ತವೆ. ಇಂಥ ಗುರುತಿನ ಹಿಂದೆ ಗಾಲಿಯನ್ನು ಬಾಗಿಸುವ ಬಲ ಹಾಕಿ ತಿರುಗಿಸುವ, ಹೊರೆ ಹೇರಿ ಉರುಳಿಸುವ, ಓರೆಯಾಗಿಟ್ಟು ಮೇಲಿಂದ ಭಾರ ಕೆಡವುವ ಪರೀಕ್ಷೆಗಳಿವೆ. ಅಳಿಯ ಮೆಚ್ಚಿದ ಗಾಲಿಯ ಬೆನ್ನಿನ ಮೇಲೆ ಯಾವ ಗುರುತೂ ಇರಲಿಲ್ಲ. ದೊಡ್ಡ ಕಂಪನಿಯೊಂದರ ವಿನ್ಯಾಸದ ನಕಲು ಅದು. ಮುಖ ಮಾತ್ರ ಥೇಟ್ ಹಾಗೇ.

"ಹಗುರಾಗಿ ಇರ್ತೈತ್ರಿ ಅಲಾಯ್," ಎಂದರು ಅಂಗಡಿಯವರು. ಹತ್ತಿ, ಮೆಣಸಿನಕಾಯಿ ಮಾರಿ ಬದುಕುವ ಊರಿನವನಿಗೆ ಬಾಯಿಮಾತಿನ ತೂಕ ಹೇಳಬಾರದು. ಪಕ್ಕದ ಕಿರಾಣಿಯ ಕಾಟಾದ ಮೇಲೆ ಬೆಲ್ಲದ ಪೆಂಟೆ ಸರಿಸಿ ಗಾಲಿ ಇಟ್ಟೆವು. ನನ್ನ ಹಳೆಯ ಸ್ಟೆಪ್ನಿಯ ಟೈರು ಬಿಚ್ಚಿಸಿ ಅದರ ಕಬ್ಬಿಣದ ಗಾಲಿಯನ್ನೂ ಇಟ್ಟೆವು. ಫಳಫಳ ಹೊಳೆಯುವುದೇ ಭಾರ ಹೆಚ್ಚು ಬಂತು! ಅಲ್ಯುಮಿನಿಯಂ ಹಗುರ ನಿಜ, ಆದರೆ ಅಗ್ಗದ ಎರಕದಲ್ಲಿ ಬಲ ತುಂಬಲು ದಪ್ಪ ಹೆಚ್ಚಿಸುತ್ತಾರೆ, ದಪ್ಪಕ್ಕೆ ತೂಕ ಬರುತ್ತದೆ. ಒತ್ತಡದಲ್ಲಿ ಎರಕ ಹೊಯ್ದದ್ದು, ಬಡಿದು ರೂಪಿಸಿದ ಫೋರ್ಜ್ಡ್ ಗಾಲಿ ಕಡಿಮೆ ಲೋಹದಲ್ಲೇ ಗಟ್ಟಿಯಾಗಿರುತ್ತವೆ, ಅದಕ್ಕೇ ದುಬಾರಿ.

ಅಲ್ಯುಮಿನಿಯಂ ಗಾಲಿಗೆ ಹೆಸರು ತಂದದ್ದು ಎತ್ತೋರೆ ಬುಗಾಟಿ. 1924ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಲಿಯೋನ್ ರೇಸಿಗೆ ಆತ ತಂದ ಟೈಪ್ 35 ಕಾರಿಗೆ ಎಂಟು ಚಪ್ಪಟೆ ಅರಗಳ ಎರಕದ ಗಾಲಿ, ಬ್ರೇಕಿನ ಡ್ರಮ್ಮೂ ಅದರೊಂದಿಗೇ ಸೇರಿ ಒಂದೇ ಎರಕ. ಗಾಲಿ ಕೈಕೊಡಲಿಲ್ಲ. ಆ ರೇಸಿಗೆಂದೇ ಮಾಡಿಸಿದ ಟೈರುಗಳ ರಬ್ಬರು ಸರಿಯಾಗಿ ಹದಗೊಳ್ಳದೆ ಕಿತ್ತುಬಂದು, ಅಂಥ ಕಾರೂ ಅಂದು ಸೋತಿತು. ಟೈರನ್ನು ಮರೆತು ಗಾಲಿ ಆರಿಸುವವರಿಗೆ ಇದು ನೂರು ವರ್ಷದ ಹಿಂದಿನ ಪಾಠ.

ಅಳಿಯನ ಮುಂದೆ ನಾನು ಇಟ್ಟದ್ದೂ ಟೈರಿನ ಲೆಕ್ಕವನ್ನೇ. ನಮ್ಮದು 165/80 ಆರ್14: ಒಟ್ಟು ಎತ್ತರ ಸುಮಾರು 620 ಮಿಲಿಮೀಟರ್, ಅದರಲ್ಲಿ ಗಾಲಿಯ ಅಂಚಿನಿಂದ ನೆಲದವರೆಗಿನ ರಬ್ಬರಿನ ಗೋಡೆ 132. ಅದೇ ಸ್ವಿಫ್ಟ್‌ನ ಮೇಲಿನ ಮಾದರಿಗೆ ಕಂಪನಿಯೇ ಕೊಡುವ 185/65 ಆರ್15ರಲ್ಲಿ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ, ಗೋಡೆ 120. ಹದಿನಾರಕ್ಕೆ ಹೋಗಿ 195/55 ಹಾಕಿದರೆ ಎತ್ತರ ಮತ್ತೆ ಅಷ್ಟೇ, ಗೋಡೆ 107ಕ್ಕೆ ಇಳಿಯುತ್ತದೆ. ಕಾರು ಒಂದು ಕೂದಲೂ ಎತ್ತರವಾಗುವುದಿಲ್ಲ. ಲೋಹ ಬೆಳೆದಷ್ಟು ಗಾಳಿ ತಗ್ಗುತ್ತದೆ. ಗುಂಡಿಯ ಪೆಟ್ಟು ಮೊದಲು ತಿನ್ನಬೇಕಾದ ಗಾಳಿಯಲ್ಲಿ ಒಂದಿಂಚು ಕಳೆದರೆ ಮಿಕ್ಕಿದ್ದನ್ನು ಗಾಲಿ ತಿನ್ನುತ್ತದೆ, ಗಾಲಿಯಿಂದ ಉಳಿದದ್ದನ್ನು ನನ್ನ ಸೊಂಟ. ಕಬ್ಬಿಣದ ಗಾಲಿ ಪೆಟ್ಟಿಗೆ ಬಾಗುತ್ತದೆ, ಜಾಲಹಳ್ಳಿಯ ಪಂಕ್ಚರ್ ಅಂಗಡಿಯಲ್ಲೇ ಸುತ್ತಿಗೆಯಿಂದ ದಾರಿಗೆ ತರುತ್ತಾರೆ. ಅಲಾಯ್ ಸೀಳುತ್ತದೆ. ಸೀಳಿದ್ದಕ್ಕೆ ವೆಲ್ಡಿಂಗ್ ಮಾಡುವವರಿದ್ದಾರೆ, ಆದರೆ ಕಾರ್ಖಾನೆಯಲ್ಲಿ ಕಾಯಿಸಿ ತಣಿಸಿ ಕೊಟ್ಟ ಹದ ಆ ಬಿಸಿಗೆ ಹೋಗಿಬಿಡುತ್ತದೆ. ಹೊರಗೆ ಬೆಸುಗೆ ಕಾಣದಂತೆ ಬಣ್ಣ ಬಳಿಯಬಹುದು, ಒಳಗಿನ ದೌರ್ಬಲ್ಯಕ್ಕೆ ಬಣ್ಣವಿಲ್ಲ.

"ಅಂದ್ರ ಅಲಾಯ್ ಬ್ಯಾಡ ಅಂತೀರೇನು?" ಎಂದ ಅಳಿಯ. ಬೇಡವೆಂದು ಹೇಳಲು ನಾನೇನು ಸನ್ಯಾಸಿಯಲ್ಲ, ಚೆಂದದ ಗಾಲಿ ನನಗೂ ಇಷ್ಟ. ಹದಿನೈದರದ್ದು, ಕಂಪನಿಯೇ ಒಪ್ಪಿದ ಅಳತೆ, ಬೆನ್ನಿನ ಮೇಲೆ ಓದಲು ಸಿಗುವ ಗುರುತು, ಕಾಟಾದ ಮೇಲೆ ಕಬ್ಬಿಣಕ್ಕಿಂತ ಕಡಿಮೆ ತೂಕ. ಇಷ್ಟಕ್ಕೂ ಸೈ ಅನ್ನಿಸಿಕೊಂಡದ್ದು ಗೋಡೆಯ ಮೂಲೆಯಲ್ಲಿದ್ದ, ಯಾರೂ ಕೇಳದ ಸಾದಾ ಅರಗಳ ಒಂದು ಸೆಟ್. ಬಣ್ಣ ಕಪ್ಪಿರಲಿ ಎಂಬುದು ಅಳಿಯನ ಷರತ್ತು, ಒಪ್ಪಿದೆ. ಉಳಿದ ದುಡ್ಡು ಟೈರಿಗೆ ಹೋಯಿತು. ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಯಲು ಹೇಳಿದೆ. ಒಂದಿಷ್ಟು ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿದೆ. ವಿಮೆಯವರಿಗೆ ತಿಳಿಸಿದೆ. ಕಬ್ಬಿಣದ ಸ್ಟೆಪ್ನಿ ಡಿಕ್ಕಿಯಲ್ಲಿ ಹಾಗೇ ಉಳಿಯಿತು.

ಊರಿಗೆ ಇದು ಅಷ್ಟಾಗಿ ಹಿಡಿಸಿಲ್ಲ. "ಇಷ್ಟು ರೊಕ್ಕಾ ಕೊಟ್ರಿ, ಎದ್ದು ಕಾಣಂಗಿಲ್ಲಲ್ರಿ," ಎಂಬ ಮಾತು ಈಗಲೂ ಬರುತ್ತದೆ. ಕಾಣುವುದಿಲ್ಲ, ನಿಜ. ಗಾಲಿ ಸರಿಯಿದ್ದರೆ ಅದರ ನೆನಪೇ ಆಗುವುದಿಲ್ಲ. ನೆನಪಾಗುವುದು ಮಳೆಗಾಲದಲ್ಲಿ ಮಾತ್ರ. ಹೊಲದ ದಾರಿಯಲ್ಲಿ ಹೋಗಿಬಂದರೆ ಎರೆಮಣ್ಣು ಗಾಲಿಯ ಒಳಮೈಗೆ ಅಂಗೈ ದಪ್ಪ ಅಂಟಿ, ಮರುದಿನದ ಬಿಸಿಲಿಗೆ ಕಲ್ಲಾಗುತ್ತದೆ. ಆಮೇಲೆ ರಾಯಚೂರು ರಸ್ತೆಯಲ್ಲಿ ವೇಗ ಹಿಡಿದರೆ ಸ್ಟೇರಿಂಗ್ ಗಡಗಡ. ಅಲೈನ್‌ಮೆಂಟ್ ಹೋಯಿತೆಂದು ಹೆದರಿ ದುಡ್ಡು ಸುರಿಯುವವರಿದ್ದಾರೆ. ನಾನು ಒಂದು ಕಟ್ಟಿಗೆಯ ತುಂಡು ಹಿಡಿದು ಕೂತು ಒಳಗಿನ ಹೆಂಟೆ ಕೆರೆಯುತ್ತೇನೆ. ಹಾದುಹೋಗುವವರು, "ಹೊರಗ ತೊಳೀರಿ, ಒಳಗ ಯಾರು ನೋಡ್ತಾರ?" ಎಂದು ನಗುತ್ತಾರೆ. ಮುಖ ತೊಳೆಯಲು ದುಡ್ಡು ಕೊಟ್ಟರೆ ಸರ್ವಿಸ್ ಸ್ಟೇಶನ್ ಇದೆ. ಬೆನ್ನು ನೋಡಿ ಕೊಂಡವನೇ ಬೆನ್ನು ತೊಳೆಯಬೇಕು.