ಹಾರನಹಳ್ಳಿಯ ಜಗತಿ ಮೇಲೊಂದು ಇಂಟರ್‌ವ್ಯೂ ತಯಾರಿ

ಬೇಲೂರು, ಹಳೇಬೀಡು ನೋಡದವರು ಕಮ್ಮಿ. ಸೋಮನಾಥಪುರದ ಜೊತೆ ಅವೆರಡೂ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅದೇ ಹಾಸನ ಜಿಲ್ಲೆಯ ಹಾರನಹಳ್ಳಿಯಲ್ಲಿ ಮಾತ್ರ ಈಗಲೂ ನೆಮ್ಮದಿಯಾಗಿ ಗುಡಿ ಸುತ್ತಬಹುದು. ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಯ ರೈಲು ಹತ್ತಿ ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿದರೆ, ಅಲ್ಲಿಂದ ಸುಮಾರು 8 ಕಿ.ಮೀ.

ಅರಸೀಕೆರೆ ನನ್ನ ಚಿಕ್ಕಮ್ಮನ ಊರು. ನಾನಿರೋದು ಬೆಂಗಳೂರಲ್ಲಿ, ಬೆಳೆಯುತ್ತಿರುವ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ನಾನು ಸೇರಿದಾಗ ಎಲ್ಲರೂ ಒಂದೇ ಮಹಡಿಯಲ್ಲಿ ಕೂರುತ್ತಿದ್ದೆವು, ಈಗ ಮೂರು ಮಹಡಿ ಸಾಲುತ್ತಿಲ್ಲ. ಹಾಗಾಗಿ ಪ್ರತಿ ವಾರ ಇಂಟರ್‌ವ್ಯೂ ಮಾಡೋದೂ ನನ್ನ ಕೆಲಸ. ಕಳೆದ ತಿಂಗಳು ಊರಿಗೆ ಹೋದಾಗ ಚಿಕ್ಕಮ್ಮನ ಮಗ ಹಿಡಿದುಕೊಂಡ: "ಸೋಮವಾರ ಇಂಟರ್‌ವ್ಯೂ ಇದೆ, ಸ್ವಲ್ಪ ಹೇಳ್ಕೊಡಕ್ಕ." ಅವನ ಕಾಂಟ್ರಾಕ್ಟ್ ಕೆಲಸ ಆ ತಿಂಗಳಿಗೇ ಮುಗಿಯುತ್ತಿತ್ತು. ಮನೆ ಖರ್ಚು ಕೊಬ್ಬರಿ ರೇಟು ನಂಬಿಕೊಂಡಿದೆ, ಎಜುಕೇಶನ್ ಲೋನ್ ಕಂತು ಇವನ ಸಂಬಳ ನಂಬಿಕೊಂಡಿದೆ. ಮನೆಯಲ್ಲಿ ಎಲ್ಲರ ಕಿವಿ ನಮ್ಮ ಕಡೆಗೇ. "ನಡಿ, ಹಾರನಹಳ್ಳಿಗೆ ಹೋಗಿ ಮಾತಾಡೋಣ" ಅಂದೆ.

ಇಲ್ಲಿನ ಲಕ್ಷ್ಮೀನರಸಿಂಹ ದೇವಾಲಯ 1235ರದ್ದು. ಕಟ್ಟಿಸಿದವರು ಪೆದ್ದಣ್ಣ ಹೆಗ್ಗಡೆ ಮತ್ತು ಅವನ ಸಹೋದರರಾದ ಸೋವಣ್ಣ, ಕೇಸಣ್ಣ. ಮೂರು ಗರ್ಭಗುಡಿಯ ತ್ರಿಕೂಟ. ಎತ್ತರದ ಜಗತಿ ಮೇಲೆ ಪ್ರದಕ್ಷಿಣೆ ಬರುತ್ತಾ ಕೇಳಿದೆ: "ನಿನ್ನ ಪ್ರಾಜೆಕ್ಟ್ ಬಗ್ಗೆ ಹೇಳು."

"ನಾವು ಪೇಮೆಂಟ್ ಸಿಸ್ಟಮ್ ಮಾಡಿದ್ವಿ. ಡಬಲ್ ಪೇಮೆಂಟ್ ಪ್ರಾಬ್ಲಮ್ ಬಂತು, ನಾವು ಫಿಕ್ಸ್ ಮಾಡಿದ್ವಿ."

"ಅದರಲ್ಲಿ ನೀನು ಮಾಡಿದ್ದೇನು?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ನಾನು ನಾನು ಅಂದ್ರೆ ಜಂಬ ಕೊಚ್ಚಿಕೊಂಡಂಗೆ ಆಗಲ್ವಾ ಅಕ್ಕ?"

ನಮ್ಮ ಕಡೆ ಹುಡುಗ ಹುಡುಗಿಯರಲ್ಲಿ ನಾನು ತುಂಬಾ ಸಲ ನೋಡಿರುವುದು ಇದನ್ನೇ. ಕೆಲಸ ಚೆನ್ನಾಗಿ ಗೊತ್ತಿರುತ್ತೆ. ಆದರೆ "ನಾನು ಮಾಡಿದೆ" ಅನ್ನೋಕೆ ನಾಲಿಗೆ ಬರಲ್ಲ. ಎದುರು ಕೂತವರಿಗೆ ಸಿಗೋದು ಮುಕ್ಕಾಲು ಗಂಟೆ. ಅಷ್ಟರಲ್ಲಿ ಅವರು ಟೀಮನ್ನಲ್ಲ, ನಿಮ್ಮೊಬ್ಬರನ್ನು ಅಳೆಯಬೇಕು.

ಅವನಿಗೆ ನುಗ್ಗೇಹಳ್ಳಿ ವಿಷಯ ಹೇಳಿದೆ. ಅದೂ ನಮ್ಮ ಜಿಲ್ಲೆಯದೇ, 1246ರ ಗುಡಿ. ಅಲ್ಲಿ ದಕ್ಷಿಣ ಭಾಗದ ಶಿಲ್ಪಗಳು ನಂದಿಯ ಬೈಚೋಜನವು, ಉತ್ತರ ಭಾಗದವು ಮಲ್ಲಿತಮ್ಮನವು. ಇಬ್ಬರೂ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಇಡೀ ಗುಡಿ ನನ್ನದು ಅಂತ ಇಬ್ಬರೂ ಹೇಳಲಿಲ್ಲ, ಈ ಮೂರ್ತಿ ನನ್ನದು ಅಂತಷ್ಟೇ ಬರೆದರು. ಸೋಮನಾಥಪುರದಲ್ಲೂ ಮಲ್ಲಿತಮ್ಮನ ಹೆಸರಿದೆ. ಅದನ್ನು ಓದಿ ಜಂಬ ಅಂತ ಯಾರಾದರೂ ಅಂತಾರಾ?

ಎರಡನೇ ಸುತ್ತಿಗೆ ಅವನ ಉತ್ತರವೇ ಬೇರೆ ಇತ್ತು: "ನೆಟ್‌ವರ್ಕ್ ನಿಧಾನ ಆದಾಗ ಗ್ರಾಹಕರು ಮತ್ತೆ ಬಟನ್ ಒತ್ತುತ್ತಿದ್ರು, ದುಡ್ಡು ಎರಡು ಸಲ ಕಟ್ ಆಗ್ತಿತ್ತು. ಲಾಗ್ ನೋಡಿ ಕಾರಣ ಹುಡುಕಿದ್ದು ನಾನು. ಪ್ರತಿ ಪೇಮೆಂಟ್‌ಗೂ ಒಂದು ನಂಬರ್ ಕೊಟ್ಟು, ಅದೇ ನಂಬರ್ ಮತ್ತೆ ಬಂದ್ರೆ ತಡೆಯೋ ಕೋಡ್ ಬರೆದೆ. ಟೆಸ್ಟ್ ಮಾಡಿದ್ದು ಟೀಮ್‌ನಲ್ಲಿದ್ದ ಇನ್ನೊಬ್ರು." ಸಮಸ್ಯೆ, ತನ್ನ ಪಾಲು, ಬೇರೆಯವರ ಪಾಲು, ಎಲ್ಲ ಬಂತು. ಸುಳ್ಳೂ ಇಲ್ಲ, ಸಂಕೋಚವೂ ಇಲ್ಲ.

ಬೆಳೆಯುವ ಕಂಪನಿಗೆ ಹೋಗುವವರು ಇನ್ನೊಂದು ಮಾತು ನೆನಪಿಡಿ. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಇಂಥ ಕಂಪನಿಯಲ್ಲೂ ಮೊದಮೊದಲು ನಿಮ್ಮ ಕೆಲಸಕ್ಕೆ ಖಚಿತ ಆಕಾರ ಇರಲ್ಲ. ಕಲಿಯೋಕೆ ಅದು ಒಳ್ಳೆಯದೇ, ಆದರೆ ಮೂರು ಜನರ ಕೆಲಸ ನಿಮ್ಮೊಬ್ಬರ ತಲೆಗೆ ಬರಲೂಬಹುದು. ಅದಕ್ಕೇ ಕೊನೆಯಲ್ಲಿ "ಏನಾದ್ರೂ ಕೇಳೋದಿದೆಯಾ?" ಅಂದಾಗ "ಇಲ್ಲ ಸರ್" ಅನ್ನಬೇಡಿ. ಕೇಳಿ: ಮೊದಲ ಆರು ತಿಂಗಳು ನನ್ನಿಂದ ಏನು ನಿರೀಕ್ಷೆ? ನಾನು ಯಾರಿಗೆ ರಿಪೋರ್ಟ್ ಮಾಡಬೇಕು? ಕಂಪನಿ ಷೇರು ಕೊಡುವುದಾದರೆ, ಎಷ್ಟು ವರ್ಷಕ್ಕೆ ಅವು ನನ್ನದಾಗುತ್ತವೆ?

ತಮ್ಮನನ್ನು ಮುಂದಿನ ಸುತ್ತಿಗೆ ಕರೆದಿದ್ದಾರೆ. ಕಂತಿನ ಚಿಂತೆ ಇನ್ನೂ ಮುಗಿದಿಲ್ಲ, ಆದರೆ ಈಗ ಫೋನಲ್ಲಿ ಅವನ ದನಿ ಗಟ್ಟಿಯಾಗಿದೆ.

ನೀವು ಹಾರನಹಳ್ಳಿಗೆ ಹೋದರೆ ಅಲ್ಲೇ ಇರುವ ಸೋಮೇಶ್ವರ ದೇವಾಲಯವನ್ನೂ ನೋಡಿ ಬನ್ನಿ. ಜೊತೆಗೆ ಇಂಟರ್‌ವ್ಯೂಗೆ ಓದುತ್ತಿರುವ ತಮ್ಮನೋ ತಂಗಿಯೋ ಇದ್ದರೆ ಇನ್ನೂ ಒಳ್ಳೆಯದು.