ಗಾಜಿನ ತೊಟ್ಟಿಯ ಗೊದಮೊಟ್ಟೆಗಳು

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಗೊದಮೊಟ್ಟೆಗಳು ಪಾಚಿಯನ್ನು ತಿಂದು ಬೆಳೆಯುವುವೆಂದು ನಾನು ನಿಮಗೆ ಪಾಠ ಹೇಳಿದ್ದುಂಟು. ನಮ್ಮ ಕೆರೆಕುಂಟೆಗಳ ಮಟ್ಟಿಗೆ ಬಹುತೇಕ ಸಲ್ಲುವ ಆ ಮಾತನ್ನು ಈಗ ತುಸು ತಿದ್ದಬೇಕಾಗಿದೆ.

ಮಧ್ಯ ಆಫ್ರಿಕದ ಹೈಮೆನೋಕೈರಸ್ ಎಂಬ ಕುಳ್ಳಗಪ್ಪೆಗಳ ಜೋಡಿಯೊಂದನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ್ದೇನೆ. ಹೆಬ್ಬೆರಳಿಗಿಂತ ದೊಡ್ಡವಲ್ಲ, ಆಯುಷ್ಯವೆಲ್ಲ ನೀರಿನಲ್ಲಿಯೇ, ಉಸಿರಿಗೆ ಮಾತ್ರ ಮೇಲೆ ಬರುವುವು. ಗಂಡು ಮೆಲ್ಲನೆ ಗುಂಯ್ಗುಟ್ಟಿ ಹೆಣ್ಣನ್ನು ಸೊಂಟದ ಬಳಿ ತಬ್ಬಿಕೊಳ್ಳುವುದು. ಎರಡೂ ಒಟ್ಟಾಗಿ ಮೇಲೇರಿ, ಅಂಗಾತ ಹೊರಳಿ, ನೀರಿನ ಮೇಲೆ ತೇಲುವಂತೆ ಮೊಟ್ಟೆಗಳನ್ನಿಡುವುವು.

ಮೊದಲ ಸಲದ ಮೊಟ್ಟೆಗಳನ್ನು ತಾಯ್ತಂದೆಗಳೇ ನುಂಗಿಬಿಟ್ಟವು. ಎರಡನೆಯ ಸಲ ಚಮಚದಿಂದೆತ್ತಿ ಬೇರೆ ಪಾತ್ರೆಯಲ್ಲಿಟ್ಟೆನು. ಎರಡು ದಿನಗಳಲ್ಲಿ ಮರಿಗಳು ಹೊರಬಂದವು. ನನ್ನ ಪಾಠವನ್ನೇ ನಂಬಿ ಪಾಚಿಯನ್ನೂ ಬೇಯಿಸಿದ ಸೊಪ್ಪನ್ನೂ ಹಾಕಿದೆನು. ಒಂದೂ ಉಳಿಯಲಿಲ್ಲ. ಪಾತ್ರೆಯನ್ನು ತೊಳೆಯುವಾಗ ಬಹಳ ನಾಚಿಕೆಯಾಯಿತು.

ಇವು ಎಳೆತನದಿಂದಲೇ ಬೇಟೆಯಾಡುವ ಜಾತಿ. ಚಲಿಸುವ ಜೀವಿಯನ್ನು ಕಣ್ಣಿಟ್ಟು ನೋಡಿ ಬಾಯಿಂದ ಹೀರಿಕೊಳ್ಳುವುವೆಂದು ಆ ಮೇಲೆ ಪುಸ್ತಕದಿಂದ ತಿಳಿದೆನು. (ಮೊದಲೇ ಓದಬೇಕಿತ್ತು, ನಿಮ್ಮನ್ನು ಗದರಿಸುತ್ತಿದ್ದುದೂ ಇದಕ್ಕಾಗಿಯೇ ಅಲ್ಲವೇ!) ಮೂರನೆಯ ಸಲ ಮೊದಲು ಕೆರೆನೀರಿನ ಸೂಕ್ಷ್ಮಜೀವಿಗಳನ್ನೂ, ಬಳಿಕ ಉಪ್ಪುನೀರಿನ ಸೀಗಡಿಯ ಆಗತಾನೆ ಹುಟ್ಟಿದ ಮರಿಗಳನ್ನೂ ಕೊಟ್ಟೆನು. ಹನ್ನೊಂದು ಗೊದಮೊಟ್ಟೆಗಳಿಗೆ ಈಗ ಹಿಂಗಾಲುಗಳು ಮೂಡಿವೆ.